ನಕ್ಷತ್ರಕ್ಕೆ ಕೊಂಡು ತಿಥಿಗೆ ಮಾರಿದ ಮನೆ

"ಮುನ್ನೂರು ವರಹಕ್ಕೆ ಸಿಗುವ ಮನೆ, ಗುರುಗಳೇ. ನಾನು ಕೊಂಡು ಮಾರಿದರೆ ಒಂಬೈನೂರಕ್ಕೆ ಹೋಗುತ್ತದೆ. ಕೊಳ್ಳಬಹುದೆ?"

ಕೇಳಿದವನು ಜವಳಿ ವ್ಯಾಪಾರಿ ತಿಪ್ಪಯ್ಯ. ಮುಂಗಡದ ಹಣ ಅವನ ಸೊಂಟದ ಚೀಲದಲ್ಲೇ ಇತ್ತು. ಸಂಜೆಯೊಳಗೆ ಅದನ್ನು ಕೊಟ್ಟು ಮಾತು ಮುಗಿಸಬೇಕಾಗಿತ್ತು.

"ಅಷ್ಟು ಅಗ್ಗಕ್ಕೆ ಯಾಕೆ ಕೊಡುತ್ತಾರೆ?" ಎಂದರು ಗುರುಗಳು.

"ಮನೆಯ ಯಜಮಾನ ಧನಿಷ್ಠಾ ನಕ್ಷತ್ರದಲ್ಲಿ ತೀರಿಕೊಂಡ. ಆರು ತಿಂಗಳು ಮನೆ ಬಿಡಬೇಕೆಂದು ಜೋಯಿಸರು ಹೇಳಿದ್ದಾರೆ. ಹೆಂಡತಿ ಮಕ್ಕಳು ಬೀಗ ಹಾಕಿ ಹೊರಗಿದ್ದಾರೆ. ಸಾವಾದ ಮನೆ ಕೊಂಡರೆ ದೋಷ ತಟ್ಟುತ್ತದೆಯೇ, ಅದೊಂದೇ ನನ್ನ ಅಂಜಿಕೆ. ಮಿಕ್ಕದ್ದು ನನಗೆ ಬಿಡಿ. ಒಂದೂ ಸುಳ್ಳಾಡದೆ ಈ ವ್ಯಾಪಾರ ಮುಗಿಸಬಲ್ಲೆ."

"ಮನೆಗೆ ದೋಷವಿಲ್ಲ," ಎಂದರು ಗುರುಗಳು. "ಆದರೆ ಸುಳ್ಳಾಡದೆ ಎಂದೆಯಲ್ಲ, ಆ ಮಾತಿಗೊಂದು ಕತೆ ಇದೆ. ಕೂತು ಕೇಳು."

ತಿಪ್ಪಯ್ಯ ಕೂತ. ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ವಿಜಯದಶಮಿಯ ಮರುದಿನ, ತಟ್ಟೆ ತಟ್ಟುತ್ತ ಕೂತವನು ಕೂತಲ್ಲೇ ಒರಗಿದ. ಅಂದು ಧನಿಷ್ಠಾ ನಕ್ಷತ್ರ. ಹೆಂಡತಿ, ಮದುವೆಯ ವಯಸ್ಸಿಗೆ ಬಂದ ಮಗಳನ್ನು ಕರೆದುಕೊಂಡು ಮನೆ ಬಿಟ್ಟಳು. ಬೀದಿಯ ಕೊನೆಯಲ್ಲಿ ಒಂದು ಕೋಣೆ ಹಿಡಿದು ಆರು ತಿಂಗಳು ಕಳೆಯುವುದನ್ನು ಕಾಯುತ್ತಿದ್ದಳು. ಆಮೇಲೆ ಶಾಂತಿ ಮಾಡಿಸಿ ತನ್ನ ಮನೆಗೆ ತಾನು ಹೋಗಬೇಕೆಂದಿದ್ದಳು. ಅವಳಿಗೆ ಇದ್ದ ಆಸ್ತಿ ಅದೊಂದೇ.

ಅದೇ ಬೀದಿಯಲ್ಲಿ ಒಬ್ಬ ವ್ಯಾಪಾರಿಯಿದ್ದ. ಎಂದೂ ಸುಳ್ಳಾಡದವನೆಂದು ಅವನಿಗೆ ಹೆಸರು. ಅವನು ಬಾಳೆಹಣ್ಣು ಹಿಡಿದುಕೊಂಡು ಅವಳನ್ನು ಮಾತಾಡಿಸಲು ಹೋದ.

"ಆರು ತಿಂಗಳಾದ ಮೇಲೆ ಆ ಮನೆಗೆ ಹೋಗುತ್ತೀಯಾ ತಂಗಿ?"

"ಹೋಗಬೇಕಲ್ಲ ಅಣ್ಣಾ. ಇನ್ನೆಲ್ಲಿದೆ ನಮಗೆ?"

"ಹೋಗಬಹುದು, ತಪ್ಪೇನಿಲ್ಲ. ಹುಡುಗಿಗೆ ಗಂಡು ನೋಡಲು ಬಂದವರು ಆ ಬಾಗಿಲಲ್ಲಿ ನಿಂತು ಏನು ಕೇಳುತ್ತಾರೆ, ಯೋಚಿಸಿದೆಯಾ?"

ಅವಳು ಯೋಚಿಸಿರಲಿಲ್ಲ. ಈಗ ಯೋಚಿಸಿದಳು.

ಕೇಳುತ್ತಿದ್ದ ತಿಪ್ಪಯ್ಯ ಒಳಗೊಳಗೇ ತಲೆದೂಗಿದ. ಪ್ರಶ್ನೆ ಕೇಳುವುದು ಸುಳ್ಳಲ್ಲವಲ್ಲ. ಆ ವ್ಯಾಪಾರಿ ಜಾಣ ಎಂದುಕೊಂಡ. ಗುರುಗಳು ಅವನ ಮುಖ ನೋಡಿ ಮುಂದುವರಿಸಿದರು:

ಅವಳು ಮೆಲ್ಲಗೆ ಅಂದಳು: "ಅವತ್ತು ಏಕಾದಶಿಯೂ ಆಗಿತ್ತಲ್ಲ ಅಣ್ಣಾ? ಏಕಾದಶಿಗೆ ಹೋದವರು ಪುಣ್ಯವಂತರು ಅಂತಾರೆ."

ವ್ಯಾಪಾರಿ ನಿಟ್ಟುಸಿರು ಬಿಟ್ಟ. "ನಿಜ ತಂಗಿ. ಆದರೆ ತಿಥಿ ಸತ್ತವರಿಗೆ, ನಕ್ಷತ್ರ ಇರುವವರಿಗೆ. ಅವನ ಪುಣ್ಯ ಅವನ ಜೊತೆ ಹೋಯಿತು. ಉಳಿದದ್ದನ್ನು ನೀವು ಅನುಭವಿಸಬೇಕು. ನಾನಾದರೋ ಮಕ್ಕಳಿಲ್ಲದವನು, ನನಗೇನಾಗಬೇಕು? ಮನೆ ನನಗಿರಲಿ. ಮುನ್ನೂರು ವರಹ ತಗೋ, ಹುಡುಗಿಯ ಮದುವೆ ಮಾಡು."

ಮಾರನೆಯ ವಾರ ಮನೆ ಅವನದಾಯಿತು. ಮನೆ ಮಾರಿದವಳು ಅವನ ಕಾಲಿಗೆ ನಮಸ್ಕಾರ ಮಾಡಿದಳು. ಅವನು ಮಾಡಿಸಿಕೊಂಡ.

ಆರು ತಿಂಗಳು ಕಳೆಯಿತು. ವ್ಯಾಪಾರಿ ಶಾಂತಿ ಮಾಡಿಸಿದ, ಗೋಡೆಗೆ ಸುಣ್ಣ ಬಳಿಸಿದ. ಪರವೂರಿನಿಂದ ಒಬ್ಬ ಗೃಹಸ್ಥ ಮನೆ ನೋಡಲು ಬಂದ. ದೈವಭಕ್ತ, ಕೈಯಲ್ಲಿ ಹಣವಿದ್ದವನು. ನಡುಮನೆಯಲ್ಲಿ ನಿಂತು ಕೇಳಿದ: "ಮುಚ್ಚಿಡಬೇಡಿ ಸಾಹುಕಾರರೇ. ಇಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ?"

"ನಾನು ಯಾಕೆ ಮುಚ್ಚಿಡಲಿ?" ಎಂದ ವ್ಯಾಪಾರಿ. "ತೀರಿಕೊಂಡಿದ್ದಾರೆ. ನೀವು ನಿಂತ ಜಾಗದಲ್ಲೇ. ಏಕಾದಶಿಯ ದಿನ, ಕಾಯಕ ಮಾಡುತ್ತ, ಒಂದು ಗಳಿಗೆ ನರಳದೆ. ಅಂಥ ಸಾವು ಯಾರಿಗೆ ಸಿಗುತ್ತದೆ ಹೇಳಿ. ಆ ಪುಣ್ಯವೆಲ್ಲ ಈ ಗೋಡೆಗಳಲ್ಲೇ ಇದೆ."

ಗೃಹಸ್ಥ ನಿಂತ ಜಾಗದಿಂದ ಪಕ್ಕಕ್ಕೆ ಸರಿದು, ಆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಚೌಕಾಸಿ ಮಾಡಲಿಲ್ಲ. ಪುಣ್ಯಕ್ಕೆ ಯಾರು ಚೌಕಾಸಿ ಮಾಡುತ್ತಾರೆ? ಒಂಬೈನೂರು ವರಹ ಎಣಿಸಿ ಕೊಟ್ಟ.

ಅವನು ಒಳ್ಳೆಯವನು. ಒಕ್ಕಲು ಬಂದ ದಿನವೇ ಹಣ್ಣಿನ ತಟ್ಟೆ ಹಿಡಿದು ಬೀದಿಯ ಕೊನೆಯ ಕೋಣೆಗೆ ಹೋದ. "ತಾಯಿ, ಏಕಾದಶಿಯಲ್ಲಿ ಹೋದ ಪುಣ್ಯಾತ್ಮರ ಮನೆ ನಮಗೆ ಸಿಕ್ಕಿತು. ನಮ್ಮ ಮಕ್ಕಳಿಗೆ ಆಶೀರ್ವಾದ ಮಾಡಬೇಕು," ಎಂದ.

ಕಂಚುಗಾರನ ಹೆಂಡತಿ ಆಶೀರ್ವಾದ ಮಾಡಿದಳು. ತಟ್ಟೆ ಒಳಗಿಟ್ಟಳು. ನೇರ ವ್ಯಾಪಾರಿಯ ಅಂಗಡಿಗೆ ನಡೆದಳು. ಅಂಗಡಿ ತುಂಬ ಗಿರಾಕಿಗಳಿದ್ದರು. ಅವಳು ಮೆಟ್ಟಿಲ ಮೇಲೇ ನಿಂತಳು.

"ನನ್ನ ಯಜಮಾನರು ಯಾವತ್ತು ಸತ್ತರು ಅಣ್ಣಾ?"

"ಇದೇನು ತಂಗಿ, ಹೀಗೆ ಕೇಳುತ್ತೀ?"

"ನನಗೆ ಧನಿಷ್ಠಾ ಅಂದಿರಿ. ಅವರಿಗೆ ಏಕಾದಶಿ ಅಂದಿರಿ."

"ಎರಡೂ ನಿಜ ತಾನೆ? ಪಂಚಾಂಗ ತೆಗೆಸಿ ನೋಡು. ನಾನು ಸುಳ್ಳಾಡಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ."

ಗಿರಾಕಿಗಳಲ್ಲಿ ಒಬ್ಬ ಕಿಸಕ್ಕನೆ ನಕ್ಕ. "ನಮ್ಮಪ್ಪ ಅಮಾವಾಸ್ಯೆಗೆ ಹೋದ ಸಾಹುಕಾರರೇ. ಅದಕ್ಕೇನು ಕೊಡ್ತೀರಿ?"

ಅವಳು ನಗಲಿಲ್ಲ, ಅಳಲೂ ಇಲ್ಲ. "ತಿಥಿ ಸತ್ತವರಿಗೆ ಅಂತ ನೀವೇ ಹೇಳಿದಿರಿ. ಅವರ ಪುಣ್ಯ ಅವರ ಜೊತೆ ಹೋಯಿತು ಅಂದಿರಿ. ಜೊತೆಗೆ ಹೋದದ್ದನ್ನು ನೀವು ಮಾರಿದ್ದು ಹೇಗೆ ಅಣ್ಣಾ?"

ಗುರುಗಳು ಕತೆ ನಿಲ್ಲಿಸಿದರು. ಅವರ ದನಿ ಗಡುಸಾಗಿತ್ತು.

"ವ್ಯಾಪಾರಿ ಏನಂದ?" ಎಂದು ಕೇಳಿದ ತಿಪ್ಪಯ್ಯ.

"ಬಟ್ಟೆ ಅಳೆಯುವ ಗಜವನ್ನು ಎತ್ತಿಕೊಂಡು ಮುಂದಿನ ಗಿರಾಕಿಯ ಕಡೆ ತಿರುಗಿದ. ಅವಳು ಕೋಣೆಗೆ ಹೋದಳು. ಅಷ್ಟೇ. ಅವನ ನಾಲಿಗೆ ಬೀಳಲಿಲ್ಲ, ಮನೆಗೆ ಸಿಡಿಲು ಬಡಿಯಲಿಲ್ಲ. ಅಂಥವರಿಗೆ ಏನೂ ಆಗುವುದಿಲ್ಲ ತಿಪ್ಪಯ್ಯ, ನೀನು ಹೆದರಬೇಕಾಗಿಲ್ಲ."

ತಿಪ್ಪಯ್ಯನಿಗೆ ಈ ಮಾತು ಹಿತವಾಗಲಿಲ್ಲ. ಆದರೂ ಅವನೊಳಗಿನ ವ್ಯಾಪಾರಿ ಸುಮ್ಮನಿರಲಿಲ್ಲ. "ಸಿಟ್ಟಾಗಬೇಡಿ ಗುರುಗಳೇ. ವ್ಯಾಪಾರವೆಂದರೆ ಒಂದು ಕಡೆ ಅಗ್ಗಕ್ಕೆ ಕೊಂಡು ಇನ್ನೊಂದು ಕಡೆ ಲಾಭಕ್ಕೆ ಮಾರುವುದೇ. ಶಾಂತಿಗೆ, ಸುಣ್ಣಕ್ಕೆ ಇಪ್ಪತ್ತು ವರಹ ಕಳೆದರೂ ಅವನಿಗೆ ಐನೂರ ಎಂಬತ್ತು ಉಳಿಯಿತಲ್ಲ?"

"ಗೋಡೆ ಅದೇ, ಸೂರು ಅದೇ, ಬಾಗಿಲೂ ಅದೇ, ಉಳಿದ ಆ ಐನೂರ ಎಂಬತ್ತೂ ಹೆಣದ ಮೇಲೆ ತೂರಿದ್ದನ್ನು ಬಗ್ಗಿ ಆಯ್ದುಕೊಂಡ ಕಾಸು."