ಹುಂಜ ವಾಚು ಕೊಳ್ಳಹೋದದ್ದು

ಹಳೇ ವಾಚು ಸಂಗ್ರಹಿಸುವ ಗೀಳು ಹೊಸದಾಗಿ ಹತ್ತಿದ ಹುಂಜವೊಂದು ಊಸರವಳ್ಳಿಯ ಅಂಗಡಿಗೆ ಬಂತು. ತನ್ನ ಬಾಲ ಕಂಡರೆ ಏಳೂರಿನ ನವಿಲುಗಳು ನಾಚಿ ಗರಿ ಮಡಚುತ್ತವೆ ಎಂಬುದು ಅದರದೇ ಮಾತು.

"ಇದು ನಮ್ಮ ಮುತ್ತಜ್ಜನ ಕಾಲದ್ದು, ಯಜಮಾನರೇ. ಮುಖ ನೋಡಿ, ಹೇಗೆ ಫಳಫಳ ಅನ್ನುತ್ತದೆ! ನಿಮ್ಮ ಬಾಲದ ಗರಿಗಳಷ್ಟೂ ಕೊಟ್ಟರೆ ಸಾಕು" ಎಂದಿತು ಊಸರವಳ್ಳಿ, ವಾಚೊಂದನ್ನು ಮುಂದಿಟ್ಟು.

ಹುಂಜ ಗರಿ ಕೀಳಲು ಕೊಕ್ಕು ತಿರುಗಿಸಿತು. ಆಗ ಗಾಜಿನ ಪೆಟ್ಟಿಗೆಯ ಮೂಲೆಯಿಂದ ಹಳದಿಗಟ್ಟಿದ ವಾಚೊಂದು ಕೇಳಿತು: "ಅಣ್ಣಾ, ಮುತ್ತಜ್ಜನ ಮುಖದಲ್ಲಿ ಒಂದು ಸುಕ್ಕಾದರೂ ಬೇಡವೇ? ಬೆನ್ನಿನ ಮುಚ್ಚಳ ತೆಗೆಸಿ ನೋಡು."

"ಸೂರ್ಯನನ್ನೇ ಎಬ್ಬಿಸುವವನು ನಾನು, ನನಗೇ ಪಾಠವೇ?" ಎಂದಿತು ಹುಂಜ. ಆದರೂ ಬಾಲದ ಮೇಲಿನ ಆಸೆಗೆ ಊಸರವಳ್ಳಿಯತ್ತ ತಿರುಗಿ, "ತೆಗೆಯಪ್ಪಾ, ನೋಡೇಬಿಡೋಣ" ಎಂದಿತು.

"ತೆಗೆದರೆ ಅದಕ್ಕೆ ನೆಗಡಿಯಾಗುತ್ತದೆ" ಎಂದ ಊಸರವಳ್ಳಿ ಹಸಿರಿದ್ದದ್ದು ಕಂದು ಬಣ್ಣಕ್ಕೆ ತಿರುಗಿತು.

ಹುಂಜ ತಾನೇ ಕೊಕ್ಕು ಹಾಕಿ ಮುಚ್ಚಳ ಎತ್ತಿತು. ಒಳಗಿನ ಚಕ್ರಗಳೆಲ್ಲ ತುಕ್ಕು ಹಿಡಿದು ಅಂಟಿಕೊಂಡಿದ್ದವು. ಮುಖಕ್ಕೆ ಮಾತ್ರ ಹೊಸ ಬಣ್ಣ ಬಳಿದಿತ್ತು.

"ಭಲೇ! ಸತ್ಯ ಹೇಳಿದ ನಿನ್ನನ್ನೇ ಕೊಳ್ಳುತ್ತೇನೆ" ಎಂದು ಹಳದಿ ವಾಚನ್ನು ಎತ್ತಿಕೊಂಡ ಹುಂಜ ಮತ್ತೆ ಗರಿಗೆ ಕೊಕ್ಕು ಹಾಕಿತು.

"ತಾಳಣ್ಣಾ! ನನ್ನ ಮುಚ್ಚಳ ಇನ್ನೂ ತೆಗೆದೇ ಇಲ್ಲವಲ್ಲ" ಎಂದಿತು ವಾಚು.