ಮೂಗು ಸವೆದ ರಾಣಿ

ಹಳೇ ನಾಣ್ಯಗಳ ಹುಚ್ಚು ಹಿಡಿದಿದ್ದ ವಕೀಲ ಶ್ರೀಕಂಠಯ್ಯನವರ ಕಣ್ಣು, ಮನೆಗೆಲಸದ ದೇವೀರಮ್ಮನ ಸೆರಗಿನ ಗಂಟಿನಲ್ಲಿದ್ದ ಬೆಳ್ಳಿ ರೂಪಾಯಿಯ ಮೇಲೆ ಬಿತ್ತು.

"ಇದು ವಿಕ್ಟೋರಿಯಾ ರಾಣಿ ಕಾಲದ್ದು ಕಣೇ! ಈ ಕಡೆ ಕಿರೀಟ, ಆ ಕಡೆ ಹೂಬಳ್ಳಿ. ಇದರ ಚರಿತ್ರೆ ನಿನಗೇನು ಗೊತ್ತು? ಇಲ್ಲಿ ಕೊಡು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ದೇವೀರಮ್ಮ ಕೊಟ್ಟೇಬಿಟ್ಟಳು. ವಕೀಲರು ಅದನ್ನು ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಭೂತಗನ್ನಡಿ ಹಿಡಿದರು.

"ಅಯ್ಯೋ, ರಾಣಿಯ ಮೂಗೇ ಸವೆದಿದೆಯಲ್ಲೇ!"

"ಸವೀದೆ ಇರ್ತದಾ ಬುದ್ದೀ? ನಮ್ಮನೇಲಿ ಯಾರು ಸತ್ರೂ ಹಣೆಗೆ ಅಂಟಿಸೋದು ಇದನ್ನೇ. ಮಣ್ಣಿಗಿಡೋ ಮುಂಚೆ ಕಿತ್ತಿಟ್ಕೋತೀವಿ."

ರೂಪಾಯಿ ಠಣ್ಣನೆ ನೆಲಕ್ಕೆ ಬಿತ್ತು. "ಎತ್ಕೊಂಡು ಹೋಗೇ!" ಎನ್ನುತ್ತ ವಕೀಲರು ಬಚ್ಚಲಿಗೆ ಓಡಿದರು. ಹಂಡೆಯ ನೀರೆಲ್ಲ ಖಾಲಿಯಾದರೂ ಕೆನ್ನೆ ತಿಕ್ಕುವುದು ನಿಲ್ಲಲಿಲ್ಲ.

ದೇವೀರಮ್ಮ ಬೀದಿಯುದ್ದಕ್ಕೂ ನಕ್ಕಳು. ಅವಳ ಮನೆಯಲ್ಲಿ ಆ ರೂಪಾಯಿ ಕಟ್ಟುತ್ತಿದ್ದುದು ಹಸುಗೂಸುಗಳ ಉಬ್ಬಿದ ಹೊಕ್ಕುಳಿಗೆ, ಅದು ಒಳಗೆ ಕೂರಲಿ ಅಂತ. ರಾಣಿಯ ಮೂಗು ಸವೆದದ್ದು ಕೂಸುಗಳ ಹೊಟ್ಟೆಗೆ ಉಜ್ಜಿ ಉಜ್ಜಿ.

ಮನೆ ಸೇರುವ ಹೊತ್ತಿಗೆ ನಗು ಉಳಿದಿರಲಿಲ್ಲ. ವಕೀಲರಿಗೆ ಹೇಳಿದ್ದು ಪೂರಾ ಸುಳ್ಳಲ್ಲ. ಒಂದೇ ಒಂದು ಸಲ, ಅವಳ ಕೊನೆಯ ಕೂಸಿನ ಹೊಕ್ಕುಳಿಂದ ಬಿಚ್ಚಿ, ಅದನ್ನು ಹಣೆಗೇ ಇಟ್ಟಿದ್ದರು.