ಹಿಂದಕ್ಕೆ ನಡೆದು ಹೊಸೆದ ಹಗ್ಗ

ಉಪ್ಪುನೀರೂ ಸಿಹಿನೀರೂ ಕೂಡುವ ಅಳಿವೆಯ ದಂಡೆಯಲ್ಲಿ ಒಂದೂರು ಇತ್ತಂತೆ. ಅಲ್ಲಿ ಅಕ್ಕು ಅಂತ ಒಬ್ಬಳು, ಅವಳಿಗೆ ತನಿಯ ಅಂತ ಒಬ್ಬ ತಮ್ಮ. ತಾಯಿತಂದೆ ಇಲ್ಲ. ಅಕ್ಕನಿಗೆ ತಮ್ಮ, ತಮ್ಮನಿಗೆ ಅಕ್ಕ, ಅಷ್ಟೆ.

ಅಕ್ಕು ಚಿಕ್ಕವಳಿದ್ದಾಗ ಆ ಊರಿನ ಅಂಗಳಗಳಲ್ಲೆಲ್ಲ ತೆಂಗಿನ ಸಿಪ್ಪೆ ಬಡಿಯುವ ಸದ್ದು. ಸಿಪ್ಪೆಯನ್ನು ಅಳಿವೆಯ ಕೆಸರಲ್ಲಿ ಹೂತು, ಕೊಳೆತ ಮೇಲೆ ಬಡಿದು ನಾರು ಬಿಡಿಸಿ, ಹಗ್ಗ ಹೊಸೆಯುತ್ತಿದ್ದರಂತೆ. ಹೊಸೆಯುವುದು ಒಬ್ಬರ ಕೆಲಸವಲ್ಲ. ಒಬ್ಬರು ಕೂತು ರಾಟೆ ತಿರುಗಿಸಬೇಕು, ಇನ್ನೊಬ್ಬರು ಮಡಿಲಲ್ಲಿ ನಾರು ತುಂಬಿಕೊಂಡು, ಹುರಿ ಬಿಡುತ್ತಾ ಬಿಡುತ್ತಾ ಹಿಂದಕ್ಕೆ ನಡೆಯಬೇಕು. ಮುಂದಕ್ಕೆ ನಡೆದರೆ ಹುರಿ ಸಡಿಲಾಗುತ್ತದೆ, ಅದಕ್ಕೇ ಹಿಂದಕ್ಕೆ. ಅಕ್ಕುವಿನ ತಾಯಿ ಹಾಡು ಹೇಳುತ್ತಾ ನಡೆಯುತ್ತಿದ್ದಳು. ಹಾಡು ಮುಗಿಯುವ ಹೊತ್ತಿಗೆ ಅವಳ ಹಿಮ್ಮಡಿ ಹೊಸ್ತಿಲಿಗೆ ತಾಗುತ್ತಿತ್ತು.

ಆಮೇಲೆ ಕಡಲಾಚೆಯಿಂದ ಒಂದು ಹಡಗು ಬಂತಂತೆ. ಹಡಗಿನ ಸಾಹುಕಾರ ಸಿಪ್ಪೆಯನ್ನೆಲ್ಲ ಕೊಂಡುಕೊಂಡ. ಸಿಪ್ಪೆ ಹೋಯಿತು, ಊರಲ್ಲಿ ಕೆಲಸ ಹೋಯಿತು. ಕೆಲಸವಿಲ್ಲದ ಗಂಡಸರೂ ಅದೇ ಹಡಗು ಹತ್ತಿದರು. ವರ್ಷ ವರ್ಷವೂ ಹೀಗೇ. ಅಕ್ಕು ಮಾತ್ರ ತನ್ನ ಮರಗಳ ಸಿಪ್ಪೆಯನ್ನು ಮಾರದೆ ಕೆಸರಲ್ಲಿ ಹೂಳುತ್ತಲೇ ಇದ್ದಳು. ತಾಯಿ ಹೂಳುತ್ತಿದ್ದಳು ಅಂತ, ಬೇರೆ ಕಾರಣ ಏನೂ ಇಲ್ಲ.

ಒಂದು ವರ್ಷ ತನಿಯನೂ ಗಂಟು ಕಟ್ಟಿದ.

"ಅಲ್ಲಿ ಏನು ಕೆಲಸ ತಮ್ಮಾ?"

"ಯಾರಿಗೆ ಗೊತ್ತು ಅಕ್ಕ. ಇಲ್ಲಿ ಕೂತು ನಿನ್ನ ಗಂಜಿಯಲ್ಲಿ ಪಾಲು ತಿನ್ನುವುದಕ್ಕಿಂತ ವಾಸಿ."

ಅಕ್ಕು ದಡಕ್ಕೆ ಹೋಗಿ ಸಾಹುಕಾರನನ್ನೇ ಕೇಳಿದಳಂತೆ.

"ಹಗ್ಗ ಹೊಸೆಯುವ ಕೆಲಸ," ಅಂದ ಅವನು. "ನನ್ನ ಹಡಗುಗಳಿಗೆ ಹಗ್ಗ ಎಷ್ಟಿದ್ದರೂ ಸಾಲದು."

"ನಾರು ಎಲ್ಲಿಯದು ಸಾಹುಕಾರರೇ?"

"ನಿಮ್ಮೂರ ಸಿಪ್ಪೆಯದೇ."

ಅಕ್ಕುವಿಗೆ ನಗು ಬಂತು. "ಸಿಪ್ಪೆಯೂ ನಮ್ಮದು, ಕೈಯೂ ನಮ್ಮದು. ಎರಡನ್ನೂ ಹೊತ್ತು ಕಡಲು ದಾಟುತ್ತೀರಲ್ಲ, ಹಗ್ಗವನ್ನೇ ಒಯ್ದರೆ ಹಡಗು ಹಗುರಾಗುವುದಿಲ್ಲವೇ?"

"ನಿಮ್ಮೂರಿನವರು ಹೊಸೆಯುವುದನ್ನೇ ಮರೆತಿದ್ದಾರೆ ತಾಯಿ, ಅಲ್ಲಿ ನಾನೇ ಕಲಿಸಬೇಕು. ಬೇಕಾದರೆ ನೋಡೋಣ. ಅಮಾವಾಸ್ಯೆಯಂದು ನೀರು ಕಡಲಿಗೆ ಸರಿಯುವ ದೊಡ್ಡ ಇಳಿತದಲ್ಲಿ ಈ ಹಡಗನ್ನು ಹಿಡಿದು ನಿಲ್ಲಿಸುವ ಹಗ್ಗ ಕೊಡು. ನಿಂತರೆ ಇನ್ನು ಮೇಲೆ ಹಗ್ಗವನ್ನೇ ಕೊಳ್ಳುತ್ತೇನೆ. ಹಗ್ಗ ಹರಿದರೆ ನಿನ್ನ ತಮ್ಮ ಎಲ್ಲರಿಗಿಂತ ಮೊದಲು ಹತ್ತಬೇಕು."

ಅಕ್ಕು ಕೆಸರು ಅಗೆದಳು. ಕೊಳೆತ ಸಿಪ್ಪೆಯ ಹಳೆಯ ವಾಸನೆ ಊರಿಗೆಲ್ಲ ಹರಡಿತು. ಮುದುಕಿಯರು ಮೂಗು ಮುಚ್ಚಿಕೊಳ್ಳಲಿಲ್ಲ, ಅಟ್ಟದಿಂದ ಕೊಡತಿ ಇಳಿಸಿಕೊಂಡು ಬಡಿಯಲು ಬಂದರಂತೆ. ರಾಟೆಯನ್ನು ಹಡಗಿನ ಎದುರಿಗೇ, ದಡದಲ್ಲಿ ಊರಿದರು. ಅಲ್ಲಿ ಹಡಗು ಹತ್ತಲು ಗಂಡಸರು ಕಾದಿದ್ದರು.

"ಗಂಟು ಕೆಳಗಿಡಿ, ಮಡಿಲಿಗೆ ನಾರು ಹಾಕಿಕೊಳ್ಳಿ," ಅಂದಳು ಅಕ್ಕು.

"ಹೆಂಗಸರ ಕೆಲಸವಲ್ಲವಾ ಅದು?" ಅಂದ ತನಿಯ.

"ಕಡಲಾಚೆ ಮಾಡಿದರೆ ಗಂಡಸರದ್ದು, ಇಲ್ಲಿ ಮಾಡಿದರೆ ಹೆಂಗಸರದ್ದಾ?"

ತನಿಯ ತಲೆ ಕೆರೆದುಕೊಂಡು ಗಂಟು ಕೆಳಗಿಟ್ಟ. ಅಕ್ಕು ರಾಟೆ ತಿರುಗಿಸಿ ತಾಯಿಯ ಹಾಡು ಹಿಡಿದಳು. ಗಂಡಸರು ಹಡಗಿಗೆ ಮುಖ ಮಾಡಿ, ಹುರಿ ಬಿಡುತ್ತಾ, ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆದರು. ಹಡಗು ಚಿಕ್ಕದಾಗುತ್ತಾ ಹೋಯಿತು. ಹಾಡು ಮುಗಿಯುವ ಹೊತ್ತಿಗೆ ತನಿಯನ ಹಿಮ್ಮಡಿಗೆ ಏನೋ ತಾಗಿತು. ತಿರುಗಿ ನೋಡಿದರೆ ಅವನದೇ ಮನೆಯ ಹೊಸ್ತಿಲು.

ದಿನ ದಿನವೂ ಹುರಿಗೆ ಹುರಿ ಸೇರಿಸಿ, ತೊಡೆ ಗಾತ್ರದ ಹಗ್ಗ ಮಾಡಿದರಂತೆ. ಅದರ ಒಂದು ತುದಿಯನ್ನು ಹಡಗಿಗೂ ಇನ್ನೊಂದನ್ನು ದಡದ ತೆಂಗಿನ ಮರಕ್ಕೂ ಕಟ್ಟಿದರು. ಅಮಾವಾಸ್ಯೆಯ ಇಳಿತ ಬಂತು. ಹಡಗು ಎಳೆಯಿತು, ಹಗ್ಗ ನರಳಿತು, ಅಕ್ಕು ತಮ್ಮನ ಕೈ ಬಿಡಲಿಲ್ಲ. ನೀರೆಲ್ಲ ಇಳಿದುಹೋಯಿತು. ಹಡಗು ನಿಂತಲ್ಲೇ ನಿಂತಿತ್ತು.

ಹಗ್ಗ ಕಡಲು ದಾಟಿತಂತೆ, ಹೊಸೆದವರು ಮನೆಯಲ್ಲಿ ಉಂಡರಂತೆ, ಕಥೆ ಮಾತ್ರ ಹಿಂದಕ್ಕೆ ನಡೆಯುತ್ತಾ ನಮ್ಮ ಜಗಲಿಗೆ ಬಂತು.